ಬೋರ್‌ವೆಲ್ಲಿನ ಬೆಚ್ಚನೆಯ ನೀರೂ ಭೂಶಾಖದ ವಿದ್ಯುತ್ತೂ



ಚಿಂತಾಮಣಿ ಕಡೆಯ ರೈತರೊಬ್ಬರಿಂದ ಈಚೆಗೆ ಒಂದು ಪತ್ರ ಬಂದಿತು. ಅವರ ಜಮೀನಿನಲ್ಲಿ 1200 ಅಡಿ ಆಳದ ಕೊಳವೆ ಬಾವಿ ಇದೆ. ಚಳಿಗಾಲದ ಬೆಳಗಿನ ಜಾವ ಮೋಟಾರು ಹಾಕಿದರೆ ತೊಟ್ಟಿಗೆ ಬೀಳುವ ನೀರಿನ ಮೇಲೆ ಹಬೆಯಾಡುತ್ತದಂತೆ. ಸ್ನಾನಕ್ಕೆ ಬೇರೆ ನೀರು ಕಾಯಿಸುವುದೇ ಬೇಡವಂತೆ. ಇದನ್ನು ಕಂಡ ಪೇಟೆಯ ಪರಿಚಿತರೊಬ್ಬರು, “ಇದು ಭೂಮಿಯೊಳಗಿನ ಶಾಖ. ಹೊರದೇಶಗಳಲ್ಲಿ ಇಂಥ ನೀರಿನಿಂದಲೇ ಕರೆಂಟು ತೆಗೆಯುತ್ತಾರೆ, ಉಳಿದ ಬಿಸಿಯಲ್ಲಿ ಹಿಮದ ನಡುವೆಯೂ ಟೊಮ್ಯಾಟೊ ಬೆಳೆಯುತ್ತಾರೆ. ಇನ್ನೊಂದು 300 ಅಡಿ ಇಳಿಸಿ ನೋಡಿ” ಎಂದು ಸಲಹೆ ಕೊಟ್ಟಿದ್ದಾರೆ. ಇಳಿಸಬಹುದೇ, ಬೇಡವೇ ಎಂಬುದು ಪತ್ರದ ಪ್ರಶ್ನೆ.

ಬೇಡ ಎಂಬುದೇ ಉತ್ತರ. ಆದರೆ ಒಂದೇ ಮಾತಿನಲ್ಲಿ ಬೇಡ ಎಂದು ಪತ್ರ ಮುಚ್ಚಿಬಿಡುವುದು ಸರಿಯಲ್ಲ. ಪೇಟೆಯವರು ಹೇಳಿದ್ದರಲ್ಲಿ ಅರ್ಧ ಪೂರ್ತಿ ನಿಜ. ಆ ನಿಜ ಯಾವುದು, ಅದು ಎಲ್ಲಿಯ ನಿಜ, ನಮ್ಮ ನೆಲಕ್ಕೆ ಅದು ಏಕೆ ಹೊಂದುವುದಿಲ್ಲ ಎಂಬುದು ನಿಮಗೆಲ್ಲ ತಿಳಿದಿರಬೇಕು. ಕೊಳವೆ ಬಾವಿಯ ಹೆಸರಿನಲ್ಲಿ ಹಣ ನೆಲಕ್ಕೆ ಸುರಿಯಲು ನಮ್ಮ ರೈತರಿಗೆ ಇನ್ನೊಂದು ಹೊಸ ಕಾರಣ ಬೇಕಾಗಿಲ್ಲ.

ಮೊದಲು ನಿಜದ ಭಾಗವನ್ನು ನೋಡೋಣ. ಅಮೆರಿಕದ ಅಲಾಸ್ಕ ರಾಜ್ಯದಲ್ಲಿ ಫೇರ್‌ಬ್ಯಾಂಕ್ಸ್ ಪಟ್ಟಣದಿಂದ ಸುಮಾರು 95 ಕಿ.ಮೀ. ದೂರದಲ್ಲಿ ಚೇನಾ ಹಾಟ್ ಸ್ಪ್ರಿಂಗ್ಸ್ ಎಂಬ ಜಾಗವಿದೆ. ಹೆಸರೇ ಹೇಳುವಂತೆ ಅದು ಬಿಸಿನೀರಿನ ಬುಗ್ಗೆ. ಅಲ್ಲೊಂದು ಪ್ರವಾಸಿ ತಂಗುದಾಣ ಬೆಳೆದಿದೆ. ದೊಡ್ಡ ವಿದ್ಯುತ್ ಮಾರ್ಗ ಅಲ್ಲಿಗೆ ಹೋಗಿಲ್ಲ. ಹಿಂದೆ ಹಗಲಿರುಳು ಡೀಸೆಲ್ ಯಂತ್ರ ಓಡಬೇಕಾಗಿತ್ತು, ಯೂನಿಟ್ಟಿಗೆ 30 ಸೆಂಟ್ ಖರ್ಚು ಬೀಳುತ್ತಿತ್ತು. ನೆಲದಿಂದ ಬರುವ ನೀರಿನ ಉಷ್ಣಾಂಶ 74 ಡಿಗ್ರಿ ಸೆಂ. 2006ರಲ್ಲಿ ಅಲ್ಲಿ ತಲಾ 200 ಕಿಲೋವ್ಯಾಟ್‌ನ ಎರಡು ಯಂತ್ರಗಳನ್ನು ಕೂರಿಸಿ ಆ ನೀರಿನಿಂದಲೇ ವಿದ್ಯುತ್ ತೆಗೆದರು. ಖರ್ಚು ಯೂನಿಟ್ಟಿಗೆ ಸುಮಾರು 7 ಸೆಂಟಿಗೆ ಇಳಿಯಿತು.

74 ಡಿಗ್ರಿಯ ನೀರು ಕುದಿಯುವುದಿಲ್ಲ, ಆವಿಯಾಗುವುದಿಲ್ಲ. ಹಾಗಿರುವಾಗ ಅದು ಚಕ್ರ ತಿರುಗಿಸುವುದು ಹೇಗೆ ಎಂದು ನೀವು ಕೇಳಬಹುದು. ಅಲ್ಲಿ ಚಕ್ರ ತಿರುಗಿಸುವುದು ನೀರಲ್ಲ. ಫ್ರಿಜ್ಜಿನಲ್ಲಿ, ಕಾರಿನ ಏ.ಸಿ.ಯಲ್ಲಿ ತುಂಬುವ ಆರ್-134ಎ ಎಂಬ ದ್ರವ ಬಹಳ ಕಡಿಮೆ ಬಿಸಿಗೇ ಕುದಿಯುತ್ತದೆ. ಅದನ್ನು ಕೊಳವೆಯೊಳಗೆ ಒತ್ತಡದಲ್ಲಿಟ್ಟು ಹೊರಗಿನಿಂದ ಬಿಸಿನೀರು ಹಾಯಿಸಿದರೆ ಆವಿಯಾಗಿ ಚಕ್ರ ತಿರುಗಿಸುತ್ತದೆ. ಬಳಿಕ ಅದೇ ಆವಿಯನ್ನು ತಣ್ಣೀರಿನಿಂದ ತಂಪು ಮಾಡಿದರೆ ಮತ್ತೆ ದ್ರವವಾಗುತ್ತದೆ, ಮತ್ತೆ ಸುತ್ತುತ್ತದೆ. ಸರಳವಾಗಿ ಹೇಳುವುದಾದರೆ ಫ್ರಿಜ್ಜನ್ನು ಹಿಂದುಮುಂದಾಗಿ ಓಡಿಸಿದಂತೆ. ಫ್ರಿಜ್ಜು ಕರೆಂಟು ತಿಂದು ಬಿಸಿ ತಂಪುಗಳ ಅಂತರ ಹುಟ್ಟಿಸುತ್ತದೆ, ಈ ಯಂತ್ರ ಬಿಸಿ ತಂಪುಗಳ ಅಂತರವನ್ನು ತಿಂದು ಕರೆಂಟು ಕೊಡುತ್ತದೆ. ಚೇನಾದ ಯಂತ್ರವನ್ನು ದೊಡ್ಡ ಕಟ್ಟಡಗಳ ತಂಪು ಯಂತ್ರದ ಬಿಡಿಭಾಗಗಳಿಂದಲೇ ಮಾಡಿದ್ದರು.

ಇಲ್ಲಿ “ಅಂತರ” ಎಂಬ ಮಾತನ್ನು ಗಮನಿಸಿ. ಇಡೀ ಲೆಕ್ಕ ನಿಂತಿರುವುದು ಅದರ ಮೇಲೆ.

ಚೇನಾದ ಒಂದು ಯಂತ್ರಕ್ಕೆ ಸೆಕೆಂಡಿಗೆ ಸುಮಾರು 33 ಲೀಟರ್ ಬಿಸಿನೀರು ಬೇಕು. ಅಂದರೆ ಗಂಟೆಗೆ 26,000 ಗ್ಯಾಲನ್. ಅದು 73 ಡಿಗ್ರಿಯಲ್ಲಿ ಒಳಗೆ ಹೋಗಿ 54 ಡಿಗ್ರಿಯಲ್ಲಿ ಹೊರಗೆ ಬರುತ್ತದೆ. ಇಷ್ಟರಲ್ಲಿ ಅದು ಕೊಟ್ಟ ಶಾಖ ಸುಮಾರು 2600 ಕಿಲೋವ್ಯಾಟ್. ಯಂತ್ರದ ಸ್ವಂತ ಪಂಪುಗಳು ತಿಂದು ಉಳಿಯುವ ವಿದ್ಯುತ್ 210 ಕಿಲೋವ್ಯಾಟ್. ನೂರು ಪಾಲು ಶಾಖಕ್ಕೆ ಎಂಟು ಪಾಲು ವಿದ್ಯುತ್! ಮಿಕ್ಕ ತೊಂಬತ್ತೆರಡು ಪಾಲು ತಣ್ಣೀರಿನ ಜೊತೆ ಹರಿದುಹೋಗುತ್ತದೆ. ಆ ಎಂಟು ಪಾಲಾದರೂ ಬರಲು ಬಿಸಿನೀರಿನ ಮೂರರಷ್ಟು ತಣ್ಣೀರು ಬೇಕು, ಅದೂ 4 ಡಿಗ್ರಿಯದು. ಅಲಾಸ್ಕದಲ್ಲಿ ಅಂಥ ನೀರಿಗೆ ಬರವಿಲ್ಲ. ನಮ್ಮ ಕೆರೆಯ ನೀರು ಬೇಸಿಗೆಯಲ್ಲಿ 28 ಡಿಗ್ರಿಗೆ ಕಡಿಮೆ ಇರುವುದಿಲ್ಲ. ಅದೇ 74 ಡಿಗ್ರಿಯ ಬುಗ್ಗೆ ನಮ್ಮ ಕೆರೆ ಪಕ್ಕದಲ್ಲಿ ಎದ್ದರೂ, ಯಾವ ಯಂತ್ರವೂ ದಾಟಲಾಗದ ಮೇಲ್ಮಿತಿಯೇ ನೂರಕ್ಕೆ 20ರಿಂದ 13ಕ್ಕೆ ಬೀಳುತ್ತದೆ. ನಿಜವಾಗಿ ಕೈಗೆ ಬರುವುದು ಅದಕ್ಕಿಂತ ಬಹಳ ಕಡಿಮೆ.

ಈಗ ಯಂತ್ರದಿಂದ ಹೊರಬಂದ 54 ಡಿಗ್ರಿಯ ನೀರಿನ ಕಡೆ ನೋಡಿ. ಬಹಳ ಜನ ಇದನ್ನು ಮರೆಯುತ್ತಾರೆ. ಅದನ್ನು 30 ಡಿಗ್ರಿಯವರೆಗೆ ಬಳಸಿಕೊಂಡರೆ ಇನ್ನೂ 3300 ಕಿಲೋವ್ಯಾಟ್ ಶಾಖ ಸಿಗುತ್ತದೆ. ಬಂದ ವಿದ್ಯುತ್ತಿನ ಹೆಚ್ಚುಕಡಿಮೆ 16 ಪಟ್ಟು! ಒಣ ಸೌದೆಯಲ್ಲಿ ಹೇಳುವುದಾದರೆ ಗಂಟೆಗೆ ಎಂಟು ಕ್ವಿಂಟಾಲ್ ಸುಟ್ಟಷ್ಟು. ಚೇನಾದವರು ಕಟ್ಟಡಗಳನ್ನೂ ಹಸಿರುಮನೆಗಳನ್ನೂ ಭೂಶಾಖದಿಂದಲೇ ಬಿಸಿಯಾಗಿಡುತ್ತಾರೆ. ಹೊರಗೆ ಸೊನ್ನೆಗಿಂತ 49 ಡಿಗ್ರಿ ಕೆಳಗಿದ್ದ ದಿನವೂ ಅವರ ಹಸಿರುಮನೆಯೊಳಗೆ 25 ಡಿಗ್ರಿ ಇತ್ತು, ಸೊಪ್ಪು ಟೊಮ್ಯಾಟೊಗಳು ಬೆಳೆದವು. ಕೆಲಸ ಮುಗಿದ ನೀರನ್ನು ಮತ್ತೆ ನೆಲದೊಳಕ್ಕೇ ಇಳಿಸುತ್ತಾರೆ.

ಅಲ್ಲಿಯ ಇನ್ನೊಂದು ಕೆಲಸ ನಮಗೆ ವಿಚಿತ್ರವೆನಿಸಬಹುದು. 2005ರಿಂದ ಅವರು ಒಂದು ಮಂಜುಗಡ್ಡೆಯ ಮನೆಯನ್ನು ಬೇಸಿಗೆಯಲ್ಲೂ ಕರಗದಂತೆ ಕಾಪಾಡುತ್ತಿದ್ದಾರೆ, ಬಿಸಿನೀರಿನಿಂದ! ಅಮೋನಿಯ ಬಳಸುವ ಆ ತಂಪು ಯಂತ್ರಕ್ಕೆ ಬೇಕಾದ್ದು ಮುಖ್ಯವಾಗಿ ಶಾಖ. ಹಳಬರಿಗೆ ನೆನಪಿರಬಹುದು, ಕರೆಂಟು ಬಾರದ ಊರುಗಳಲ್ಲಿ ಲಸಿಕೆ ಇಡಲು ಸೀಮೆಎಣ್ಣೆ ದೀಪದಿಂದ ನಡೆಯುವ ಫ್ರಿಜ್ಜುಗಳಿದ್ದವು. ಅದೇ ತತ್ತ್ವ ಇದು. ಹಣ್ಣು ತರಕಾರಿ ಬೆಳೆಯುವವರಿಗೆ ಇದಕ್ಕಿಂತ ದೊಡ್ಡ ಸುದ್ದಿ ಈ ಇಡೀ ವಿಷಯದಲ್ಲಿ ಇಲ್ಲ ಎಂದು ನನಗೆ ಅನಿಸುತ್ತದೆ.

ಒಂದೇ ಶಾಖದಿಂದ ವಿದ್ಯುತ್ತನ್ನೂ ಬಿಸಿಯನ್ನೂ ತೆಗೆಯುವುದು ನಮಗೆ ಹೊಸದೇನಲ್ಲ. ಮಂಡ್ಯ, ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಉರಿಸಿ ಬಂದ ಹಬೆ ಮೊದಲು ಚಕ್ರ ತಿರುಗಿಸುತ್ತದೆ, ಆಮೇಲೆ ರಸ ಕುದಿಸುತ್ತದೆ. ಆಲೆಮನೆಯನ್ನೇ ನೋಡಿ. ಜಾಣ ರೈತ ಒಲೆಯ ಬಾಯಿಯ ಮೇಲೆ ಒಂದು ಕೊಪ್ಪರಿಗೆ ಇಟ್ಟು ಸುಮ್ಮನಾಗುವುದಿಲ್ಲ. ಹೊಗೆ ಹೋಗುವ ದಾರಿಯ ಮೇಲೆ ಇನ್ನೊಂದನ್ನಿಟ್ಟು ಮುಂದಿನ ಅಡುಗೆಯ ರಸವನ್ನು ಬೆಚ್ಚಗೆ ಮಾಡಿಕೊಳ್ಳುತ್ತಾನೆ. ಹೆಚ್ಚು ಬಿಸಿ ಬೇಕಾದ ಕೆಲಸ ಮೊದಲು, ಕಡಿಮೆ ಸಾಕಾಗುವ ಕೆಲಸ ಆಮೇಲೆ. ಭೂಶಾಖದ ಸಣ್ಣ ಘಟಕದಲ್ಲಿ ನಡೆಯಬೇಕಾದ್ದೂ ಇದೇ.

ಇನ್ನು ಚಿಂತಾಮಣಿಯ ಬಾವಿಗೆ ಬರೋಣ.

ಭೂಮಿಯೊಳಗೆ ಇಳಿದಂತೆ ಬಿಸಿ ಹೆಚ್ಚುತ್ತದೆ ಎಂಬುದು ಎಲ್ಲ ಕಡೆಗೂ ನಿಜ. ಆದರೆ ಎಷ್ಟು ಹೆಚ್ಚುತ್ತದೆ ಎಂಬುದು ಕಲ್ಲಿನ ಮೇಲೆ ಹೋಗುತ್ತದೆ. ಪ್ರಪಂಚದ ಸಾಮಾನ್ಯ ಜಾಗಗಳಲ್ಲಿ ಒಂದು ಕಿ.ಮೀ. ಇಳಿದರೆ 25ರಿಂದ 30 ಡಿಗ್ರಿ ಏರುತ್ತದೆ. ನಮ್ಮ ಬಯಲುಸೀಮೆಯ ಕಲ್ಲು ಅತ್ಯಂತ ಹಳೆಯದು, ಇನ್ನೂರು ಮುನ್ನೂರು ಕೋಟಿ ವರ್ಷಗಳ ಹಿಂದೆಯೇ ಆರಿಹೋದದ್ದು. ಇದಕ್ಕೆ ಸಾಕ್ಷಿ ಬೇರೆಲ್ಲೂ ಹುಡುಕಬೇಕಾಗಿಲ್ಲ, ಪಕ್ಕದಲ್ಲೇ ಇದೆ. ಕೋಲಾರದ ಚಿನ್ನದ ಗಣಿಯಲ್ಲಿ, 2001ರಲ್ಲಿ ಅದು ಮುಚ್ಚುವ ಮೊದಲು, ನಮ್ಮ ಜನ 3.2 ಕಿ.ಮೀ. ಆಳದವರೆಗೆ ಇಳಿದಿದ್ದರು. ಅಷ್ಟು ಆಳದಲ್ಲಿ ಬಂಡೆಯ ಬಿಸಿ ಸುಮಾರು 65 ಡಿಗ್ರಿ. ಅಲ್ಲಿ ಬೆವರು ಸುರಿಸಿ ದುಡಿದವರಿಗೆ ಅದು ನರಕದಷ್ಟು ಬಿಸಿಯೇ ಸರಿ. ಲೆಕ್ಕಕ್ಕೆ ಮಾತ್ರ ಅದು ಒಂದು ಕಿ.ಮೀ.ಗೆ ಹನ್ನೆರಡೋ ಹದಿಮೂರೋ ಡಿಗ್ರಿ ಏರಿದಂತಾಯಿತು, ಸಾಮಾನ್ಯ ಜಾಗದ ಅರ್ಧ. ಮೂರು ಕಿ.ಮೀ.ಗೂ ಹೆಚ್ಚು ಆಳದ ಗಣಿಯ ತಳದಲ್ಲೂ ಚೇನಾದ ಬುಗ್ಗೆಯಷ್ಟು ಬಿಸಿ ಇರಲಿಲ್ಲ!

ಆ ಲೆಕ್ಕದಲ್ಲಿ 1200 ಅಡಿಯ ತಳದಲ್ಲಿ ಕಲ್ಲು ಮೇಲಿನ ನೆಲಕ್ಕಿಂತ ನಾಲ್ಕೈದು ಡಿಗ್ರಿ ಮಾತ್ರ ಹೆಚ್ಚು ಬಿಸಿ ಇರುತ್ತದೆ, 30 ಡಿಗ್ರಿಯ ಆಸುಪಾಸು. ನೀರು ಮೇಲೆ ಬರುವಾಗ ಇನ್ನೊಂದು ಡಿಗ್ರಿ ಕೂಡುವುದುಂಟು. ಅದು ಭೂಮಿತಾಯಿ ಕೊಟ್ಟದ್ದಲ್ಲ, ನೀರಿನೊಳಗೆ ಮುಳುಗಿರುವ ನಿಮ್ಮದೇ ಮೋಟಾರು ಪಂಪುಗಳ ನಷ್ಟ, ಕರೆಂಟು ಬಿಸಿಯಾಗಿ ಪೋಲಾದದ್ದು. ಹಾಗಾದರೆ ಹಬೆ ಏಕೆ ಏಳುತ್ತದೆ? ಜನವರಿಯ ಬೆಳಗ್ಗೆ ಗಾಳಿ 15 ಡಿಗ್ರಿ ಇದ್ದಾಗ 31 ಡಿಗ್ರಿಯ ನೀರು ಹಬೆಯಾಡಿಯೇ ಆಡುತ್ತದೆ. ಅದೇ ನೀರಿಗೆ ಏಪ್ರಿಲ್ ಮಧ್ಯಾಹ್ನ ಕೈಯಿಟ್ಟರೆ ತಣ್ಣಗಿರುತ್ತದೆ. ಕೈಯನ್ನು ನಂಬಬೇಡಿ, ಥರ್ಮಾಮೀಟರನ್ನು ನಂಬಿ.

ಇಷ್ಟರಿಂದ ವಿದ್ಯುತ್ ಎಷ್ಟು ಬಂದೀತು? ಬಾವಿ ಗಂಟೆಗೆ 2000 ಗ್ಯಾಲನ್ ಕೊಡುತ್ತದೆ ಎಂದುಕೊಳ್ಳೋಣ. ಆ ನೀರನ್ನು 31ರಿಂದ 25 ಡಿಗ್ರಿಗೆ ಇಳಿಸಿದರೆ ಸುಮಾರು 63 ಕಿಲೋವ್ಯಾಟ್ ಶಾಖ ಬಿಡುತ್ತದೆ. ಕೇಳಲು ದೊಡ್ಡದು. ಆದರೆ ಬಿಸಿ ತಂಪುಗಳ ಅಂತರ ಆರೇ ಡಿಗ್ರಿ. ದೇವಲೋಕದ ಯಂತ್ರ ತಂದರೂ ಅದರಲ್ಲಿ ಒಂದು ಕಿಲೋವ್ಯಾಟ್ ವಿದ್ಯುತ್ ಹುಟ್ಟುವುದಿಲ್ಲ. ಅದೇ ನೀರನ್ನು 1200 ಅಡಿಯಿಂದ ಮೇಲೆತ್ತಲು ಯಾವ ನಷ್ಟವೂ ಇಲ್ಲದ ಪಂಪಿಗೇ 12 ಅಶ್ವಶಕ್ತಿ ಬೇಕು, ನಿಮ್ಮ ನಮ್ಮ ಪಂಪಿಗೆ 20ಕ್ಕೂ ಹೆಚ್ಚು. ಹದಿನೈದು ಕಿಲೋವ್ಯಾಟ್ ಸುರಿದು ಅರ್ಧ ಕಿಲೋವ್ಯಾಟ್ ಎತ್ತುವ ಬೇಸಾಯ ಯಾರಿಗೆ ಬೇಕು? ಇನ್ನೂ 300 ಅಡಿ ಇಳಿಸಿದರೆ ಹೆಚ್ಚುವ ಬಿಸಿ ಒಂದೇ ಒಂದು ಡಿಗ್ರಿ.

ಕರ್ನಾಟಕದಲ್ಲಿ ಬಿಸಿನೀರಿನ ಬುಗ್ಗೆ ಇಲ್ಲವೇ ಇಲ್ಲವೆಂದಲ್ಲ. ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರು ತೀರ್ಥ ಇದೆ, ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಅಲ್ಲಿಯ ನೀರು 40 ಡಿಗ್ರಿಯ ಆಸುಪಾಸಿನದು, ಮೀಯಲು ಹಿತ. ವಿದ್ಯುತ್ತಿನ ಮಾತು ಅಲ್ಲಿಯೂ ಬೇಡ. ಆ ತೀರ್ಥ ತೀರ್ಥವಾಗಿಯೇ ಇರಲಿ.

ಇನ್ನೊಂದು ಎಚ್ಚರಿಕೆ. “ಭೂಶಾಖದ ಯಂತ್ರ” ಎಂಬ ಹೆಸರಿನಲ್ಲಿ ನೆಲದೊಳಗೆ ಕೊಳವೆ ಹೂತು ಮನೆಯನ್ನೋ ಕಚೇರಿಯನ್ನೋ ತಂಪು ಮಾಡುವ ಯಂತ್ರಗಳೂ ಬಂದಿವೆ. ಅವು ಒಳ್ಳೆಯ ಯಂತ್ರಗಳೇ, ಸಾಮಾನ್ಯ ಏ.ಸಿ.ಗಿಂತ ಕಡಿಮೆ ಕರೆಂಟು ತಿನ್ನುತ್ತವೆ. ಆದರೆ ತಿನ್ನುತ್ತವೆ, ಕೊಡುವುದಿಲ್ಲ. ಎರಡನ್ನೂ ಒಂದೇ ಹೆಸರಿನಲ್ಲಿ ಹೇಳಿ ಮಾರಲು ಬಂದವರನ್ನು ಈ ಒಂದು ಪ್ರಶ್ನೆ ಕೇಳಿ ನೋಡಿ.

ಹಾಗಾದರೆ ನಮ್ಮ ದೇಶದಲ್ಲಿ ಈ ವಿದ್ಯೆಗೆ ಜಾಗವೇ ಇಲ್ಲವೇ? ಇದೆ. ಇದನ್ನು ಬರೆಯಲು ಕುಳಿತ ನಿಜವಾದ ಕಾರಣ ಅದೇ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 2022ರಲ್ಲಿ ಹೊರತಂದ ಭೂಶಾಖದ ನಕ್ಷೆಯಲ್ಲಿ ದೇಶದ 381 ಬಿಸಿ ಜಾಗಗಳ ಲೆಕ್ಕವಿದೆ. ಇವುಗಳಲ್ಲಿ ಹೆಚ್ಚು ಬಿಸಿಯಾದವು ಹಿಮಾಲಯದಲ್ಲಿವೆ. ಅಲ್ಲಿ ನೆಲ ಇನ್ನೂ ಮಡಿಸಿಕೊಳ್ಳುತ್ತಿದೆ, ಬಿರುಕುಗಳಲ್ಲಿ ಇಳಿದ ನೀರು ಆಳದ ಬಿಸಿಯನ್ನು ಹೊತ್ತು ಬೇಗ ಮೇಲೇಳುತ್ತದೆ. ಲಡಾಖಿನ ಪುಗಾ ಕಣಿವೆ ಸಮುದ್ರಮಟ್ಟದಿಂದ 4400 ಮೀಟರ್ ಎತ್ತರದಲ್ಲಿದೆ. ಅಲ್ಲಿ ಬುಗ್ಗೆಯ ನೀರು 84 ಡಿಗ್ರಿಯಲ್ಲಿ ಕುದಿಯುತ್ತಾ ಏಳುತ್ತದೆ, ಆ ಎತ್ತರದಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ. ನಾನೂರು ಮೀಟರಿನೊಳಗೇ 100 ಡಿಗ್ರಿಗೂ ಹೆಚ್ಚಿನ ಬಿಸಿ ಸಿಕ್ಕಿದೆ. ಅಷ್ಟು ಬಿಸಿಗೆ ಕೋಲಾರದಲ್ಲಿ ಆರು ಕಿ.ಮೀ. ಇಳಿಯಬೇಕಾದೀತು. ತಣ್ಣೀರಿನ ಮಾತಂತೂ ಕೇಳುವುದೇ ಬೇಡ. ಅಲ್ಲಿಯ ಜನ ಪಶ್ಮೀನ ಮೇಕೆ ಸಾಕುವ ಚಾಂಗ್ಪಾಗಳು. ಚಳಿಗಾಲದಲ್ಲಿ ಅವರಿಗೆ ಹಸಿ ತರಕಾರಿ ಎಂಬುದು ದುರ್ಲಭ. ಬಿಸಿ, ತಂಪು, ಅಗತ್ಯ ಮೂರೂ ಒಂದೇ ಕಡೆ ಕೂಡಿವೆ.

ಪುಗಾದಲ್ಲಿ ಶೋಧನೆ ಆರಂಭವಾದದ್ದು 1973ರಲ್ಲಿ. ಬಿಸಿನೀರು ಹಾಯಿಸಿ ಗುಡಿಸಲು ಬೆಚ್ಚಗಿಟ್ಟರು, ಅಲ್ಲಿಯ ಬೊರ್ಯಾಕ್ಸನ್ನು ಅದೇ ಶಾಖದಿಂದ ಶುದ್ಧಿ ಮಾಡಿ ತೋರಿಸಿದರು, ಹತ್ತಿರದ ಛುಮಾಥಾಂಗ್‌ನಲ್ಲಿ ಹಸಿರುಮನೆಯ ಪ್ರಯೋಗವಾಯಿತು. ಪ್ರಯೋಗಗಳು ಗೆದ್ದವು. ಗೆದ್ದ ಮೇಲೆ ನಿಂತವು. 2021ರ ಫೆಬ್ರವರಿಯಲ್ಲಿ ಅಲ್ಲಿ ಒಂದು ಮೆಗಾವ್ಯಾಟ್ ವಿದ್ಯುತ್ ಘಟಕಕ್ಕೆ ಒಪ್ಪಂದವಾಯಿತು. 2022ರಲ್ಲಿ ಕೊರೆಯುವಾಗ ಬಿಸಿನೀರು ಹಳ್ಳಕ್ಕೆ ಹರಿದು ಕೆಲಸಕ್ಕೆ ತಡೆಯುಂಟಾಯಿತು. ಈ ಐವತ್ತು ವರ್ಷಗಳಲ್ಲಿ ಪ್ರತಿಬಾರಿಯೂ ಮೊದಲು ಕೇಳಿದ್ದು ಎಷ್ಟು ಮೆಗಾವ್ಯಾಟ್ ಎಂಬ ಪ್ರಶ್ನೆ. ಎಷ್ಟು ಮನೆ ಬೆಚ್ಚಗಾದೀತು, ಎಷ್ಟು ಗುಂಟೆ ಸೊಪ್ಪು ಬೆಳೆದೀತು ಎಂದು ಮೊದಲು ಕೇಳಿದ್ದರೆ ಇಷ್ಟು ಹೊತ್ತಿಗೆ ಅಲ್ಲಿಯ ಮಕ್ಕಳು ಚಳಿಗಾಲದಲ್ಲೂ ಸೊಪ್ಪು ತಿನ್ನುತ್ತಿದ್ದರು ಎಂಬುದು ನನ್ನ ಅಭಿಪ್ರಾಯ.

ಹಿಮಾಚಲದ ಮಣಿಕರಣದ ಕಥೆಯಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. ಪಾರ್ವತಿ ನದಿಯ ದಡದ ಆ ಕ್ಷೇತ್ರದಲ್ಲಿ ನೀರು ಕುದಿಯುವ ಬಿಸಿಯ ಹತ್ತಿರ ಏಳುತ್ತದೆ. ಗುರುದ್ವಾರದ ಲಂಗರಿಗೆ ಅಕ್ಕಿ ಬೇಳೆಗಳನ್ನು ಅದರಲ್ಲೇ ಬೇಯಿಸುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ಅಲ್ಲಿ ಆರ್-113 ಎಂಬ ದ್ರವ ಬಳಸಿ 5 ಕಿಲೋವ್ಯಾಟ್‌ನ ಯಂತ್ರ ಓಡಿಸಿ ತೋರಿಸಿದರು. ಓಝೋನ್ ಪದರಕ್ಕೆ ಹಾನಿಯೆಂದು ಆ ದ್ರವವನ್ನೇ ಆಮೇಲೆ ಜಗತ್ತು ಕೈಬಿಟ್ಟಿತು, ಅದು ಬೇರೆ ಮಾತು. ಅದೇ ಊರಿನಲ್ಲಿ ಬುಗ್ಗೆಯ ಶಾಖದಿಂದ ನಡೆಯುವ ಏಳೂವರೆ ಟನ್ ಸಾಮರ್ಥ್ಯದ ಶೀತಲ ಉಗ್ರಾಣವನ್ನೂ ಪ್ರಾಯೋಗಿಕವಾಗಿ ಕಟ್ಟಿದರು. ಸೇಬಿನ ಸೀಮೆಯಲ್ಲಿ 5 ಕಿಲೋವ್ಯಾಟ್ ವಿದ್ಯುತ್ ಹೆಚ್ಚೋ, ಹಣ್ಣು ಕಾಯುವ ಉಗ್ರಾಣ ಹೆಚ್ಚೋ ನೀವೇ ಹೇಳಿ. ನಮಗೆ ಹತ್ತಿರದ ಉದಾಹರಣೆ ತೆಲಂಗಾಣದ ಮಣುಗೂರು ಬಳಿಯ ಪಗಿಡೇರು. ಅಲ್ಲಿ ನೆಲದಿಂದ ತಾನಾಗಿ ಉಕ್ಕುವ ಬಿಸಿನೀರಿನ ಮೇಲೆ ಸಿಂಗರೇಣಿ ಕಲ್ಲಿದ್ದಲು ಗಣಿಯವರು 20 ಕಿಲೋವ್ಯಾಟ್‌ನ ಪ್ರಾಯೋಗಿಕ ಘಟಕ ಹಾಕಿದರು. ಐದು ಅಶ್ವಶಕ್ತಿಯ ಐದು ಪಂಪುಗಳನ್ನು ನಡೆಸುವಷ್ಟು. ಅದು ಮೆಣಸಿನಕಾಯಿ ಬೆಳೆಯುವ ಸೀಮೆ. ಅಕಾಲ ಮಳೆಗೆ ಕಣದಲ್ಲಿ ಕಾಯಿ ಕಪ್ಪಾಗುವ ಸಂಕಟ ಬ್ಯಾಡಗಿಯ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಯಂತ್ರದಿಂದ ಹೊರಬಿದ್ದ ನೀರಿನ ದಾರಿಯಲ್ಲಿ ಒಂದು ಒಣಗಿಸುವ ಕೋಣೆ ಕಟ್ಟುವ ಯೋಚನೆ ಇಂಥ ಕಡೆಗಳಲ್ಲಿ ಮೊದಲ ದಿನದಿಂದಲೇ ಇರಬೇಕು.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಅದು ಹುರುಳಿಲ್ಲದ್ದಲ್ಲ. ವಿದ್ಯುತ್ತನ್ನು ತಂತಿಯಲ್ಲಿ ನೂರಾರು ಮೈಲಿ ಒಯ್ಯಬಹುದು, ಶಾಖವನ್ನು ಒಯ್ಯಲಾಗದು. ಕೊಳ್ಳುವವರಿಲ್ಲದ ಬಿಸಿಯನ್ನು ಯಾರಿಗೆ ಮಾರುವುದು ಎನ್ನುತ್ತಾರೆ. ನಿಜ. ಅದಕ್ಕೇ ಬಿಸಿಯನ್ನು ಕೆಲಸದ ಬಳಿಗೆ ಒಯ್ಯದೆ ಕೆಲಸವನ್ನು ಬಿಸಿಯ ಬಳಿಗೆ ತರಬೇಕು. ಉಗ್ರಾಣ, ಒಣಕೋಣೆ, ಸಸಿಮಡಿ ಇವನ್ನು ಬುಗ್ಗೆಯ ಪಕ್ಕದಲ್ಲೇ ಕಟ್ಟಬೇಕು. ಹೊರದೇಶದವರು ಕಲಿತದ್ದೂ ಹೀಗೆಯೇ. ಉತ್ತರ ಜರ್ಮನಿಯ ನಾಯ್‌ಸ್ಟಾಟ್-ಗ್ಲೇವೆ ಎಂಬ ಸಣ್ಣ ಊರಿನಲ್ಲಿ ಎರಡು ಕಿ.ಮೀ.ಗೂ ಹೆಚ್ಚು ಆಳದಿಂದ 98 ಡಿಗ್ರಿಯ ಉಪ್ಪುನೀರು ತೆಗೆದು ಮೊದಲು ಮನೆಗಳನ್ನು ಬಿಸಿ ಮಾಡಿದರು. ವರ್ಷಗಳು ಕಳೆದ ಮೇಲೆ, 2003ರಲ್ಲಿ, 230 ಕಿಲೋವ್ಯಾಟ್‌ನಷ್ಟು ಸಣ್ಣ ವಿದ್ಯುತ್ ಯಂತ್ರ ಕೂಡಿಸಿದರು. ಚಳಿಗಾಲದಲ್ಲಿ ಮನೆಗಳಿಗೆ ಮೊದಲ ಪಾಲು, ಬೇಸಿಗೆಯಲ್ಲಿ ಮಿಕ್ಕದ್ದು ಯಂತ್ರಕ್ಕೆ. ಐಸ್‌ಲೆಂಡಿನ ಹೂಸಾವಿಕ್‌ನಲ್ಲಿ 2000ನೇ ಇಸವಿಯಲ್ಲಿ ಕೂರಿಸಿದ ಎರಡು ಮೆಗಾವ್ಯಾಟ್‌ನ ಯಂತ್ರ 120 ಡಿಗ್ರಿಯ ನೀರಿನಿಂದ ವಿದ್ಯುತ್ ತೆಗೆದು, 80 ಡಿಗ್ರಿಗೆ ಇಳಿದ ನೀರನ್ನು ಊರಿಗೆ ಬಿಡುತ್ತಿತ್ತು. ಕೆಲವು ವರ್ಷಗಳಲ್ಲಿ ಯಂತ್ರ ಕೆಟ್ಟು ನಿಂತಿತು. ಊರಿನ ಮನೆಗಳು ತಣ್ಣಗಾಗಲಿಲ್ಲ. ನೀರು ಬಿಸಿಯಾಗಿಯೇ ಬರುತ್ತಿತ್ತಲ್ಲ!

ರಾಗಿ ಬೆಳೆದವನು ಕಾಳನ್ನು ಮನೆಗೆ ತಂದು ಹುಲ್ಲನ್ನು ಬಣವೆ ಹಾಕುತ್ತಾನೆ. ಹುಲ್ಲೂ ಬೇಕು, ದನಕ್ಕೆ ಅದೇ ಆಧಾರ. ಆದರೂ ಹುಲ್ಲು ತೂಗಿ ಬೆಳೆ ಚೆನ್ನಾಗಿ ಬಂತು ಎನ್ನುವವರಿಲ್ಲ. ಸಣ್ಣ ಭೂಶಾಖದಲ್ಲಿ ಬಿಸಿಯೇ ಕಾಳು, ವಿದ್ಯುತ್ ಹುಲ್ಲು. ಕೇಂದ್ರ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಭೂಶಾಖದ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿದೆ. ವಿದ್ಯುತ್ತಿನ ಜೊತೆಗೆ ಬೇಸಾಯ, ಮೀನು ಸಾಕಣೆಗಳಿಗೆ ಶಾಖವನ್ನು ನೇರವಾಗಿ ಬಳಸುವ ಮಾತೂ ಅದರಲ್ಲಿದೆ. ಸಂತೋಷ. ಇನ್ನು ಹಣ ಮಂಜೂರು ಮಾಡುವವರು ಯಾವುದನ್ನು ತೂಗುತ್ತಾರೆ ಎಂದು ನೋಡಬೇಕು.

ಬೇಸಾಯಗಾರರಾಗಿ ನೀವು ಕೇಳಲೇಬೇಕಾದ ಇನ್ನೊಂದು ವಿಷಯವುಂಟು. ಬುಗ್ಗೆಯ ಬಿಸಿನೀರು ತಣಿದರೂ ಹೊಲಕ್ಕೆ ಬಿಡುವ ನೀರಲ್ಲ. ಆಳದ ಕಲ್ಲನ್ನು ಕರಗಿಸಿಕೊಂಡು ಬಂದ ಉಪ್ಪು, ಫ್ಲೋರೈಡು, ಕೆಲವು ಕಡೆ ಪಾಷಾಣ ಅದರಲ್ಲಿರುತ್ತವೆ. ಪುಗಾದ ನೀರಿನಲ್ಲಿ ಬೋರಾನ್ ಹೆಚ್ಚು. ಬೋರಾನ್ ಚೂರು ಕಡಿಮೆಯಾದರೆ ಹೂ ಕಾಯಿ ಕಚ್ಚುವುದಿಲ್ಲ, ಚೂರು ಹೆಚ್ಚಾದರೆ ಎಲೆಯಂಚು ಸುಟ್ಟು ಗಿಡ ಸೊರಗುತ್ತದೆ. ಆದ್ದರಿಂದ ಬಿಸಿನೀರು ಕೊಳವೆಯೊಳಗೇ ಹರಿದು ಶಾಖವನ್ನಷ್ಟೇ ಬಿಟ್ಟುಕೊಟ್ಟು ಮತ್ತೆ ನೆಲದೊಳಗೆ ಹೋಗಬೇಕು. ಆ ಖರ್ಚನ್ನು ಉಳಿಸಲು ಹೋದ ಯೋಜನೆ ಕೆಳಗಿನವರ ಹಳ್ಳ ಕೆಡಿಸುತ್ತದೆ.

ಬುಗ್ಗೆ ಇಲ್ಲದ ನಮಗೆ ಇದರಿಂದ ಬಂದದ್ದೇನು ಎನ್ನುತ್ತೀರಾ? ಗೋಬರ್ ಅನಿಲದಿಂದ ಎಂಜಿನ್ ಓಡಿಸಿ ಕರೆಂಟು ಮಾಡಿಕೊಳ್ಳುವ ಡೇರಿಯವರು ಈಗ ಅಲ್ಲಲ್ಲಿ ಇದ್ದಾರೆ. ಆ ಎಂಜಿನ್ ಅನಿಲದ ಕಾಲುಭಾಗದಷ್ಟನ್ನು ಮಾತ್ರ ವಿದ್ಯುತ್ ಮಾಡುತ್ತದೆ. ಅರ್ಧಕ್ಕೂ ಹೆಚ್ಚು ಅದನ್ನು ತಂಪು ಮಾಡುವ ನೀರಿನಲ್ಲೂ ಹೊಗೆಯಲ್ಲೂ ಬಿಸಿಯಾಗಿ ಹೋಗುತ್ತದೆ. ಚಳಿಗಾಲದಲ್ಲಿ ತೊಟ್ಟಿಯ ಸಗಣಿ 20 ಡಿಗ್ರಿಗಿಂತ ಕೆಳಗಿಳಿದು ಅನಿಲ ಕುಂಟುತ್ತದೆ ಎಂದು ದೂರುವವರ ಪಕ್ಕದಲ್ಲೇ, ಅದನ್ನು 35 ಡಿಗ್ರಿಗೆ ಏರಿಸಬಲ್ಲ ಬಿಸಿನೀರು ಚರಂಡಿ ಸೇರುತ್ತಿರುತ್ತದೆ. ನಿಮ್ಮ ಹಿತ್ತಲಿನ ಬಿಸಿನೀರಿನ ಬುಗ್ಗೆ ಅದು. ಕೊರೆಯುವ ಖರ್ಚೂ ಇಲ್ಲ.

ಚಿಂತಾಮಣಿಯ ರೈತರಿಗೆ ಬೇರೆಯಾಗಿಯೂ ಉತ್ತರ ಬರೆದಿದ್ದೇನೆ. ಮೋಟಾರು ಎರಡು ಗಂಟೆ ಓಡಿದ ಮೇಲೆ ಕೊಳವೆಯ ಬಾಯಲ್ಲೇ ಬಕೆಟ್ ಹಿಡಿದು ಥರ್ಮಾಮೀಟರ್ ಇಟ್ಟು ನೋಡಿ, ತಾರೀಖು ಹಾಕಿ ಬರೆದಿಡಿ ಎಂದು ಕೇಳಿಕೊಂಡಿದ್ದೇನೆ. ನೀರು ಬೆಚ್ಚಗಾಗಿದ್ದರೆ ಅದು ಸಂಪತ್ತಿನ ಗುರುತಲ್ಲ, ನಾವು ಎಷ್ಟು ಕೆಳಗೆ ಇಳಿದಿದ್ದೇವೆ ಎಂಬುದರ ಗುರುತು. ಅವರ ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಅವರ ತಂದೆಯವರ ಕಾಲದ 45 ಅಡಿಯ ತೆರೆದ ಬಾವಿಯ ನೀರು ನಡುಬೇಸಿಗೆಯಲ್ಲೂ ತಣ್ಣಗಿರುತ್ತಿತ್ತಂತೆ, ಈಗ ಅದು ಬತ್ತಿ ಕಸ ತುಂಬಿಕೊಂಡಿದೆ. 300 ಅಡಿ ಕೊರೆಯಲು ಎತ್ತಿಟ್ಟ ಹಣದಲ್ಲಿ ಆ ಬಾವಿಯ ಕಸ ತೆಗೆಸಿ, ಮಳೆಗಾಲಕ್ಕೆ ಮುಂಚೆ ಹೊಲದ ನೀರನ್ನು ಮರಳು ಜಲ್ಲಿಯ ಗುಂಡಿಯ ಮೂಲಕ ಅದಕ್ಕೆ ತಿರುಗಿಸಿ ಎಂದು ಬರೆದು, ಗುಂಡಿಯ ನಕ್ಷೆಯನ್ನೂ ಜೊತೆಗೆ ಕಳುಹಿಸಿದ್ದೇನೆ.